ಚಲನೆಯ ನಿಯಂತ್ರಣ: ಸಂಶೋಧನೆ ಹಾಗೂ ಪಾರ್ಕಿನ್ಸನ್ ರೋಗಿಗಳಿಗೆ ಮಾಹಿತಿ

ಕಣ್ಣು ಹಾಗೂ ಕೈಗಳ ಚಲನೆಯನ್ನು ಮಿದುಳು ಹೇಗೆ ಯೋಜಿಸುತ್ತದೆ, ಗುರಿ ಬದಲಾದಾಗ ಹೇಗೆ ತಡೆದು ತಿದ್ದುತ್ತದೆ ಎಂಬುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನಿ ಡಾ. ಆದಿತ್ಯ ಮೂರ್ತಿ ಅವರ ಸಂಶೋಧನಾ ವಿಷಯವಾಗಿರುತ್ತದೆ. ಪರದೆಯ ಮೇಲೆ ಗುರಿಯೊಂದನ್ನು ತೋರಿಸಿ, ಚಲನೆ ಆರಂಭವಾಗುವ ಮೊದಲೇ ಅದನ್ನು ಬೇರೆಡೆಗೆ ಸರಿಸಿ ಪರೀಕ್ಷಿಸಲಾಗುತ್ತದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಒಂದರ ಹಿಂದೊಂದು ಬರುವ ಕಣ್ಣಿನ ಚಲನೆಗಳ ಯೋಜನೆಯಲ್ಲಿ ಏರುಪೇರು ಕಂಡುಬಂದಿದೆ.

ಈ ರೋಗದ ಲಕ್ಷಣಗಳಾದ ಕೈನಡುಕ, ನಿಧಾನಗತಿಗಳನ್ನು ವಯೋಸಹಜವೆಂದು ಕಡೆಗಣಿಸುವುದು ಸೂಕ್ತವಲ್ಲ. 1995ರ ಅಧಿನಿಯಮದ ಪಟ್ಟಿಯಲ್ಲಿಲ್ಲದ ಈ ರೋಗವನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಸೇರಿಸಲಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೋಗಪೀಡಿತರು ವಿಶಿಷ್ಟ ಗುರುತಿನ ಚೀಟಿಗಾಗಿ ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ನ್ಯೂನತೆಯ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ನಿರ್ಧರಿಸುತ್ತದೆ. ಮೀಸಲಾತಿಗೆ ಕನಿಷ್ಠ ಶೇ. 40 ಇರತಕ್ಕದ್ದು.