ಕಾಲೇಜು ಶಿಕ್ಷಣಕ್ಕೆ ಸರ್ಕಾರದ ನೆರವು: ಅರಿಯುವ ಬಗೆ, ಅರ್ಜಿ ಸಲ್ಲಿಸುವ ಕ್ರಮ

ಸಿರಸಂಗಿಯ ತ್ಯಾಗವೀರ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಮುಡಿಪಾಗಿಟ್ಟರು. ತುಮಕೂರಿನ ಸಿದ್ಧಗಂಗಾ ಮಠವೂ ಸೇರಿದಂತೆ ನಾಡಿನ ಅನೇಕ ಮಠಗಳು ಜಾತಿಭೇದವಿಲ್ಲದೆ ಪ್ರಸಾದನಿಲಯಗಳನ್ನು ನಡೆಸಿ ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದವು. ಓದಬೇಕೆಂಬ ಹಂಬಲವುಳ್ಳ ಮಗು ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಓದು ಬಿಡಬಾರದೆಂಬುದು ಈ ದಾಸೋಹದ ಹಿಂದಿನ ನಿಲುವು. ಇಂದು ಆ ಹೊಣೆಯ ದೊಡ್ಡ ಪಾಲನ್ನು ಸರ್ಕಾರವೂ ಹೊತ್ತಿದೆ. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಸತಿ ನೆರವು, ಕಡಿಮೆ ಬಡ್ಡಿಯ ಸಾಲ ಮುಂತಾದ ಹಲವು ಯೋಜನೆಗಳು ಜಾರಿಯಲ್ಲಿವೆ.

ಆದರೂ ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ಅನೇಕ ಪಾಲಕರು ಚಿಂತಾಕ್ರಾಂತರಾಗಿ ನಮ್ಮ ಬಳಿ ಬರುತ್ತಾರೆ. ಅವರ ಮಾತು ಕೇಳಿದಾಗ ನಮಗೆ ಮನದಟ್ಟಾಗುವ ಸಂಗತಿ ಒಂದೇ. ಹೆಚ್ಚಿನ ಮಕ್ಕಳಿಗೆ ನೆರವು ತಪ್ಪಿರುವುದು ಅರ್ಹತೆ ಇಲ್ಲದೆ ಅಲ್ಲ. ಹೆಸರಿನ ಒಂದು ಅಕ್ಷರ ಹೊಂದದಿರುವುದು, ಪ್ರಮಾಣಪತ್ರದ ಅವಧಿ ಮುಗಿದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದಿರುವುದು, ಕೊನೆಯ ದಿನಾಂಕ ತಿಳಿಯದಿರುವುದು ಮುಂತಾದ ಸಣ್ಣ ಕಾರಣಗಳಿಂದ. ಇವೆಲ್ಲವೂ ಮುಂಚಿತವಾಗಿ ಸರಿಪಡಿಸಬಹುದಾದ ದೋಷಗಳು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ನೆರವಿನ ಮೂರು ಬಗೆಗಳು

ಸರ್ಕಾರದ ನೆರವನ್ನು ಮೂರು ಬಗೆಯಾಗಿ ಅರಿತುಕೊಳ್ಳಬೇಕು. ಮೊದಲನೆಯದು ಸಹಾಯಧನ. ಇದು ವಿದ್ಯಾರ್ಥಿಯ ಖಾತೆಗೆ ನೇರವಾಗಿ ಜಮೆಯಾಗುತ್ತದೆ, ಹಿಂದಿರುಗಿಸಬೇಕಾಗಿಲ್ಲ. ಎರಡನೆಯದು ಶುಲ್ಕ ವಿನಾಯಿತಿ ಅಥವಾ ಶುಲ್ಕ ಮರುಪಾವತಿ. ಇದು ಕಾಲೇಜಿಗೆ ಕಟ್ಟಬೇಕಾದ ಶುಲ್ಕದ ಹೊರೆಯನ್ನು ಇಳಿಸುತ್ತದೆ. ಮೂರನೆಯದು ಶೈಕ್ಷಣಿಕ ಸಾಲ. ಬಡ್ಡಿ ಎಷ್ಟೇ ಕಡಿಮೆಯಿದ್ದರೂ ಸಾಲವು ಸಾಲವೇ; ವ್ಯಾಸಂಗ ಮುಗಿದ ಮೇಲೆ ತೀರಿಸಲೇಬೇಕು. ಕೆಲವು ಪಾಲಕರು ನಿಗಮದ ಸಾಲವನ್ನು ಸಹಾಯಧನವೆಂದು ಭಾವಿಸಿ ಸಹಿ ಮಾಡಿ, ಅನಂತರ ಕಂತಿನ ನೋಟಿಸು ಬಂದಾಗ ಕಳವಳಗೊಂಡುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಮೊದಲ ಎರಡು ಬಗೆಯ ನೆರವನ್ನು ಪೂರ್ಣವಾಗಿ ಪಡೆದು, ಉಳಿದ ಕೊರತೆಗೆ ಮಾತ್ರ ಸಾಲದ ಕಡೆ ನೋಡುವುದು ವಿವೇಕದ ಮಾರ್ಗ.

ಮುಖ್ಯ ಯೋಜನೆಗಳು

ಕರ್ನಾಟಕದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಬಹುಪಾಲು ಒಂದೇ ಬಾಗಿಲು ಇದೆ. ಅದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿ. ಹಿಂದುಳಿದ ವರ್ಗಗಳ ಕಲ್ಯಾಣ, ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಅರ್ಜಿಗಳನ್ನು ಇದರಲ್ಲಿಯೇ ಸ್ವೀಕರಿಸಲಾಗುತ್ತದೆ.

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ವೀರಶೈವ ಲಿಂಗಾಯತ ಸಮುದಾಯವು ಪ್ರವರ್ಗ 3ಬಿಯಲ್ಲಿದೆ. ಗಾಣಿಗ, ಮಡಿವಾಳ, ಕುಂಬಾರ ಮುಂತಾದ ಕಾಯಕ ಸಮುದಾಯಗಳು ಪ್ರವರ್ಗ 2ಎಯಲ್ಲಿವೆ. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ ಯೋಜನೆಗಳು ಈ ಪ್ರವರ್ಗಗಳ ಮಕ್ಕಳಿಗೆ ಅನ್ವಯಿಸುತ್ತವೆ. ಕುಟುಂಬದ ವಾರ್ಷಿಕ ಆದಾಯದ ಮಿತಿ ಯೋಜನೆಗೂ ಪ್ರವರ್ಗಕ್ಕೂ ಬೇರೆಬೇರೆ ಇರುವುದರಿಂದ, ಆಯಾ ವರ್ಷದ ಇಲಾಖಾ ಪ್ರಕಟಣೆಯನ್ನು ನೋಡಿಯೇ ನಿರ್ಧರಿಸಬೇಕು. ನೆರೆಮನೆಯವರ ಹಿಂದಿನ ವರ್ಷದ ಅನುಭವವನ್ನು ನೆಚ್ಚಿ ಕೂರಬಾರದು.

ವಿದ್ಯಾಸಿರಿಯು ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ವಿದ್ಯಾರ್ಥಿಗಳ ಊಟ ಮತ್ತು ವಸತಿಗೆಂದು ನೀಡುವ ಸಹಾಯಧನ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ನೀಡುವ ಕ್ರಮದಿಂದ ಇದು ಆರಂಭವಾಯಿತು. ವಿದ್ಯಾರ್ಥಿನಿಲಯದ ಪ್ರವೇಶಕ್ಕೆ ಬೇರೆಯೇ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬೇಕು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದೊಡನೆ ನಿಲಯದ ಪ್ರವೇಶವೂ ಆಯಿತೆಂದು ತಿಳಿಯಬಾರದು.

ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಯೋಜನೆಯಿದೆ. ಆರಂಭದಲ್ಲಿ ನಿಗದಿಯಾದಂತೆ ಇದರಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಬಾಲಕರಿಗೆ ವರ್ಷಕ್ಕೆ 2,500 ರೂಪಾಯಿ, ಬಾಲಕಿಯರಿಗೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂ ಮುಂತಾದ ಪದವಿಗಳಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಔಷಧ ವಿಜ್ಞಾನ ಮುಂತಾದ ವೃತ್ತಿಪರ ಕೋರ್ಸುಗಳಿಗೆ 7,500 ಮತ್ತು 8,000. ವೈದ್ಯಕೀಯ, ಎಂಜಿನಿಯರಿಂಗ್ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ 10,000 ಮತ್ತು 11,000 ರೂಪಾಯಿ. ಇದಕ್ಕೆ ಪಹಣಿ ಇದ್ದರಷ್ಟೇ ಸಾಲದು. ಕೃಷಿ ಇಲಾಖೆಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರ ನೋಂದಣಿಯಾಗಿ ಎಫ್‌ಐಡಿ ಸಂಖ್ಯೆ ದೊರೆತಿರಬೇಕು. ಈ ನೋಂದಣಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಕುಟುಂಬಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಅಂಥವರು ಪೌತಿ ಖಾತೆಯ ಕಾರ್ಯವನ್ನು ಮುಂದೂಡಬಾರದು.

ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಶೈಕ್ಷಣಿಕ ನೆರವುಂಟು. ತಂದೆ ಅಥವಾ ತಾಯಿಯ ಕಾರ್ಮಿಕ ಗುರುತಿನ ಚೀಟಿ ಚಾಲ್ತಿಯಲ್ಲಿರುವಂತೆ ನವೀಕರಿಸಿಕೊಂಡಿರುವುದು ಅವಶ್ಯ.

ಕೇಂದ್ರ ಸರ್ಕಾರದ ನೆರವಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣವಿದೆ. ಆಯಾ ಪರೀಕ್ಷಾ ಮಂಡಳಿಯ ದ್ವಿತೀಯ ಪಿಯುಸಿ ಮಟ್ಟದ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳು ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000 ರೂಪಾಯಿ ದೊರೆಯುತ್ತದೆ. ಪ್ರತಿ ವರ್ಷ ನವೀಕರಣ ಕಡ್ಡಾಯ. ಎಂಜಿನಿಯರಿಂಗ್ ಸೇರಬಯಸುವ ಬಡ ಕುಟುಂಬದ ಮಕ್ಕಳು ಸಿಇಟಿ ಅರ್ಜಿ ತುಂಬುವಾಗಲೇ ಸಂಖ್ಯಾಧಿಕ ಸೀಟುಗಳ ಅಂಕಣವನ್ನು ಗಮನಿಸಬೇಕು; ಈ ಸೀಟು ದೊರೆತವರಿಗೆ ಬೋಧನಾ ಶುಲ್ಕದ ವಿನಾಯಿತಿಯಿದೆ.

ಸಾಲದ ಯೋಜನೆಗಳಲ್ಲಿ, 2020ರಲ್ಲಿ ಸ್ಥಾಪಿತವಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ 'ಬಸವ ಬೆಳಗು' ಮುಖ್ಯವಾದುದು. ವೃತ್ತಿಪರ ವ್ಯಾಸಂಗ ಮಾಡುವವರಿಗೆ ಶೇಕಡಾ 2ರ ಬಡ್ಡಿದರದಲ್ಲಿ ಶೈಕ್ಷಣಿಕ ಸಾಲ ನೀಡುವ ಯೋಜನೆಯಿದು. ಇತರ ಹಿಂದುಳಿದ ಸಮುದಾಯಗಳಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯಿದೆ.

ಪ್ರವೇಶಕ್ಕೆ ಮೊದಲೇ ಸಿದ್ಧಗೊಳಿಸಬೇಕಾದವು

ಕಾಗದಪತ್ರಗಳ ಸಿದ್ಧತೆಯನ್ನು ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿದ ವಾರದಲ್ಲಿಯೇ ಆರಂಭಿಸಬೇಕು. ಪ್ರವೇಶದ ದಿನಗಳಲ್ಲಿ ನಾಡಕಚೇರಿಗಳಲ್ಲಿ ಒತ್ತಡ ಹೆಚ್ಚಿರುತ್ತದೆ.

ಒಂದನೆಯದು, ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇದನ್ನು ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿ ಪಡೆಯಬಹುದು. ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಆರಂಭವಾಗುವ ಸಂಖ್ಯೆಯಿರುತ್ತದೆ. ಅರ್ಜಿಯಲ್ಲಿ ತುಂಬಬೇಕಾದುದು ಇದೇ ಸಂಖ್ಯೆ. ಇದರಿಂದಲೇ ತಂತ್ರಾಂಶವು ಜಾತಿ ಹಾಗೂ ಆದಾಯದ ವಿವರವನ್ನು ಪಡೆಯುತ್ತದೆ. ಆದಾಯ ಪ್ರಮಾಣಪತ್ರವು ಐದು ವರ್ಷ ಮಾತ್ರ ಸಿಂಧುವಾಗಿರುತ್ತದೆ. ಎಂಟನೆಯ ತರಗತಿಯಲ್ಲಿ ಮಾಡಿಸಿದ ಪತ್ರದ ಅವಧಿ ಕಾಲೇಜಿನ ಮೊದಲ ವರ್ಷದ ಹೊತ್ತಿಗೆ ಮುಗಿಯುತ್ತದೆಂಬುದನ್ನು ಮರೆಯಬಾರದು.

ಎರಡನೆಯದು, ಹೆಸರಿನ ಹೊಂದಾಣಿಕೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಮತ್ತೊಂದರಲ್ಲಿ ಬರಿಯ ಹೆಸರು ಇರುವುದು ಸಾಮಾನ್ಯ. 'ಬಸವರಾಜ' ಎಂಬುದು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಬಗೆಯಾಗಿ ಬರೆಯಲ್ಪಡುವುದೂ ಉಂಟು. ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆಧಾರ್ ಚೀಟಿಯನ್ನು ತಿದ್ದಿಸಿಕೊಳ್ಳುವುದು ಸುಲಭ. ಅಂಕಪಟ್ಟಿಯನ್ನು ತಿದ್ದಿಸುವುದು ಬಹು ದೀರ್ಘವಾದ ಕೆಲಸ.

ಮೂರನೆಯದು, ಬ್ಯಾಂಕ್ ಖಾತೆ. ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರಬೇಕು. ಖಾತೆಗೆ ಆಧಾರ್ ಸಂಖ್ಯೆ ನೀಡಿದ ಮಾತ್ರಕ್ಕೆ ಕೆಲಸ ಮುಗಿಯದು. ನೇರ ನಗದು ವರ್ಗಾವಣೆಯ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬುದು ಎನ್‌ಪಿಸಿಐ ಪಟ್ಟಿಯಲ್ಲಿ ದಾಖಲಾಗಿರಬೇಕು. ಬ್ಯಾಂಕಿಗೆ ಹೋಗಿ, 'ಎನ್‌ಪಿಸಿಐ ಜೋಡಣೆ ಆಗಿದೆಯೇ' ಎಂದು ಸ್ಪಷ್ಟವಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಹೊಸ ಖಾತೆ ತೆರೆದು ಅದಕ್ಕೆ ಜೋಡಿಸಿದರೆ ಹಣ ಹೊಸ ಖಾತೆಗೇ ಹೋಗುತ್ತದೆ. ಹಣ ಬಂದಿಲ್ಲವೆಂದು ಕೊರಗುವವರಲ್ಲಿ ಕೆಲವರ ಹಣ ಅವರು ಮರೆತಿರುವ ಇನ್ನೊಂದು ಖಾತೆಯಲ್ಲಿರುತ್ತದೆ.

ನಾಲ್ಕನೆಯದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬಳಕೆಯಲ್ಲಿರಬೇಕು. ಒಟಿಪಿ ಬರುವುದು ಅದಕ್ಕೇ.

ಅರ್ಜಿ ಸಲ್ಲಿಸುವ ಕ್ರಮ

ಮೊದಲು ಎಸ್‌ಎಸ್‌ಪಿ ತಾಣದಲ್ಲಿ ಆಧಾರ್ ಮೂಲಕ ಖಾತೆ ಸೃಜಿಸಬೇಕು. ದೊರೆತ ವಿದ್ಯಾರ್ಥಿ ಐಡಿಯನ್ನೂ ಪಾಸ್‌ವರ್ಡನ್ನೂ ಮನೆಯ ಒಂದು ವಹಿಯಲ್ಲಿ ಬರೆದಿಡಬೇಕು. ಸೈಬರ್ ಕೇಂದ್ರದವರ ಬಳಿಯೇ ಬಿಟ್ಟು ಬರುವುದು ತರವಲ್ಲ. ಅನಂತರ ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಸಂಖ್ಯೆ, ಕಾಲೇಜು, ಕೋರ್ಸು, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಕಟ್ಟಿದ ಶುಲ್ಕ, ವಸತಿಯ ವಿವರಗಳನ್ನು ತುಂಬಬೇಕು. ಕೇಳಿದ ದಾಖಲೆಗಳನ್ನು ಕಾಲೇಜಿನ ಇ-ದೃಢೀಕರಣ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಸಲ್ಲಿಸಿದ ಬಳಿಕ ಸ್ವೀಕೃತಿಪತ್ರವನ್ನು ಮುದ್ರಿಸಿಕೊಂಡು, ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದ ಗಮನಕ್ಕೆ ತರಬೇಕು. ಕಾಲೇಜು ತನ್ನ ಹಂತದ ಪರಿಶೀಲನೆಯನ್ನು ಮುಗಿಸದಿದ್ದರೆ ಅರ್ಜಿ ಮುಂದೆ ಸಾಗುವುದಿಲ್ಲ.

ಹಣ ಬರದೆ ನಿಂತಾಗ

ಅರ್ಜಿ ಸಲ್ಲಿಸಿ ಸುಮ್ಮನಾಗಬಾರದು. ತಿಂಗಳಿಗೊಮ್ಮೆ ತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಬೇಕು. ಕಾಲೇಜಿನ ಹಂತದಲ್ಲಿ ನಿಂತಿದ್ದರೆ ಪ್ರಾಂಶುಪಾಲರನ್ನು, ಇಲಾಖೆಯ ಹಂತದಲ್ಲಿದ್ದರೆ ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿಯನ್ನು, ಮಂಜೂರಾಗಿಯೂ ಜಮೆಯಾಗದಿದ್ದರೆ ಬ್ಯಾಂಕನ್ನು ಕಾಣಬೇಕು. ಬಾಯಿಮಾತಿನಲ್ಲಿ ಕೇಳಿ ಬರುವುದಕ್ಕಿಂತ, ಸ್ವೀಕೃತಿಪತ್ರದ ಪ್ರತಿಯೊಡನೆ ಲಿಖಿತ ಮನವಿ ನೀಡಿ, ಇನ್ನೊಂದು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳುವುದು ಫಲಕಾರಿ.

ಇನ್ನೊಂದು ಮಾತನ್ನು ಪಾಲಕರು ಮೊದಲೇ ಅರಿತಿರಬೇಕು. ಶುಲ್ಕ ಕಟ್ಟಬೇಕಾದುದು ಪ್ರವೇಶದ ದಿನ. ವಿದ್ಯಾರ್ಥಿವೇತನ ಬರುವುದು ಹಲವು ತಿಂಗಳ ಬಳಿಕ. ಮಕ್ಕಳು ಓದು ಬಿಡುವುದು ಬಹುಮಟ್ಟಿಗೆ ಈ ನಡುವಿನ ಅಂತರದಲ್ಲಿಯೇ. ಅಂಥ ಸಂದರ್ಭದಲ್ಲಿ ಹೆಚ್ಚಿನ ಬಡ್ಡಿಯ ಕೈಸಾಲಕ್ಕೆ ಹೋಗುವ ಮೊದಲು, ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ ಪ್ರಾಂಶುಪಾಲರಿಗೆ ಪತ್ರ ಬರೆಯಬೇಕು. ಸಮೀಪದ ಮಠದ ಪ್ರಸಾದನಿಲಯವನ್ನೂ ಸಮಾಜದ ದತ್ತಿನಿಧಿಗಳನ್ನೂ ವಿಚಾರಿಸಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಊರಿನ ಸ್ಥಿತಿವಂತ ಭಕ್ತರೂ ಇದನ್ನು ಗಮನಿಸಬೇಕೆಂಬುದು ನಮ್ಮ ಆಶಯ. ಜಾತ್ರೆಯ ದಾಸೋಹಕ್ಕೆ ಕೊಡುವ ಕೈ, ಒಂದು ಮಗುವಿನ ಆರು ತಿಂಗಳ ಶುಲ್ಕವನ್ನು ಭರಿಸಿದರೆ ಅದೂ ದಾಸೋಹವೇ.

ಸತ್ಯಶುದ್ಧವಾದ ಅರ್ಜಿ

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಆದಾಯವನ್ನು ಕಡಿಮೆ ತೋರಿಸಿ, ಇಲ್ಲದ ಜಾತಿಯನ್ನು ಹೇಳಿಕೊಂಡು, ನಿಲಯದಲ್ಲಿದ್ದೂ ಹೊರಗಿದ್ದೇನೆಂದು ಬರೆದು ನೆರವು ಪಡೆಯುವಂತೆ ಸಲಹೆ ನೀಡುವವರು ಇದ್ದಾರೆ. ಇದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಪಡೆದ ಹಣವನ್ನು ಹಿಂದಿರುಗಿಸಬೇಕಾಗುವುದಲ್ಲದೆ ಮುಂದಿನ ಉದ್ಯೋಗಕ್ಕೂ ಕುತ್ತು ಬರಬಹುದು. ಶರಣರ ದೃಷ್ಟಿಯಲ್ಲಂತೂ ಅದು ಇನ್ನೊಂದು ಬಡ ಮಗುವಿನ ಪಾಲನ್ನು ಕಸಿದುಕೊಂಡಂತೆ. ಸತ್ಯಶುದ್ಧವಲ್ಲದ ಗಳಿಕೆ ಕಾಯಕವಾಗದು ಎಂದು ನಂಬಿದ ಪರಂಪರೆ ನಮ್ಮದು. ಅಂತೆಯೇ, ಅರ್ಹತೆಯಿದ್ದೂ ಕೇಳದೆ ಕೂರುವುದು ತ್ಯಾಗವಲ್ಲ. ನಿಯಮದಂತೆ ದೊರೆಯಬೇಕಾದ ನೆರವು ಭಿಕ್ಷೆಯೂ ಅಲ್ಲ, ಯಾರ ಕೃಪೆಯೂ ಅಲ್ಲ. ಅದು ವಿದ್ಯಾರ್ಥಿಯ ಹಕ್ಕು.

ಕಾಲೇಜು ಮುಗಿಸಿದ ಹಿರಿಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ನೀವು ಅರ್ಜಿ ತುಂಬಿದ ಅನುಭವ ನಿಮಗಿದೆ. ನಿಮ್ಮ ಓಣಿಯ ಒಬ್ಬ ಕಿರಿಯನಿಗೆ ಅಥವಾ ಕಿರಿಯಳಿಗೆ ಈ ವರ್ಷ ಜೊತೆಯಲ್ಲಿ ಕುಳಿತು ಅರ್ಜಿ ತುಂಬಿಸಿಕೊಡಿ. ಪಡೆದ ನೆರವಿನ ಋಣ ತೀರುವುದು ಅಲ್ಲಿ. ಎಲ್ಲ ವಿದ್ಯಾರ್ಥಿಗಳ ಓದು ಅಡೆತಡೆಯಿಲ್ಲದೆ ಸಾಗಲೆಂದು ಹಾರೈಸುತ್ತೇವೆ.

ಶರಣು ಶರಣಾರ್ಥಿ.