ಈಚಲು ಹೆಂಡ: ಕಾಯಿಸದ ಮದ್ಯದ ಒಂದು ದಿನದ ಆಯುಷ್ಯ

ಈಚಲು ಮರದ ರಸ ತಾನಾಗಿಯೇ ಹುಳಿತು ಸಿದ್ಧವಾಗುವ ಪಾನೀಯವೇ ಹೆಂಡ. ಸೇಂದಿ ಎಂಬುದು ಇದರ ಇನ್ನೊಂದು ಹೆಸರು. ಬಂಗಾರಪೇಟೆ ಹಾಗೂ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಇದು ಹಳೆಯ ಪರಿಚಯ. 1880ರ ದಶಕದಲ್ಲಿ ಜಾನ್ ಟೇಲರ್ ಸಂಸ್ಥೆಯ ಉಸ್ತುವಾರಿಯಲ್ಲಿ ಗಣಿಗಾರಿಕೆ ಬೆಳೆದಂತೆ ತಮಿಳು, ತೆಲುಗು ಸೀಮೆಗಳಿಂದ ಕಾರ್ಮಿಕರು ಬಂದು ನೆಲೆಸಿದರು. ಪಾಳಿ ಮುಗಿಸಿ ಮೇಲೆ ಬಂದವರ ದಣಿವಿಗೆ ಹೆಂಡ, ಸಾರಾಯಿಗಳು ಆಸರೆಯಾದವು. ಸಂಬಳ ನುಂಗುವ ಚಟವೂ ಆದವು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಹೆಂಡವಾಗುವ ಬಗೆ

ಗರಿಗಳ ಬುಡದಲ್ಲಿ ಕಾಂಡವನ್ನು ಕೆತ್ತಿ, ಸಂಜೆ ಮಡಕೆ ಕಟ್ಟಿ, ಬೆಳಗ್ಗೆ ಇಳಿಸುವುದು ವಾಡಿಕೆ. ಇದು ಈಡಿಗ ಸಮುದಾಯದ ಕುಲಕಸುಬಾಗಿತ್ತು. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ರಸ ಹುಳಿಯದೆ ಸಿಹಿ ನೀರಾ ಆಗಿ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿ ಮತ್ತು ಮಡಕೆಯಲ್ಲಿರುವ ಯೀಸ್ಟ್ ಹಾಗೂ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಮದ್ಯಸಾರದ ಪ್ರಮಾಣ ಸುಮಾರು ಶೇ. 4ರಿಂದ 6. ಹೆಂಡದ ಬಿಳಿ ಮಸುಕು ಈ ಸೂಕ್ಷ್ಮಜೀವಿಗಳದೇ. ಬೆಳಗಿನ ಹೆಂಡ ಸಿಹಿ. ಹೊತ್ತು ಏರಿದಂತೆ ಸಿಹಿ ಇಳಿದು ನಾಲಗೆಗೆ ಚುರುಕಾಗುತ್ತದೆ. ಮರುದಿನಕ್ಕೆ ಬರೀ ಹುಳಿ.

ಜಪಾನಿನ ಸೋದರ

ಕಾಯಿಸದ, ಮಸುಕಾದ ಮದ್ಯಕ್ಕೆ ಜಪಾನಿನಲ್ಲೂ ಮನ್ನಣೆಯಿದೆ. ಅಕ್ಕಿ, ನೀರು, ಯೀಸ್ಟ್ ಹಾಗೂ ಕೋಜಿ ಎಂಬ ಬೂಸ್ಟಿನಿಂದ ಅಲ್ಲಿ ಸಾಕೆ ತಯಾರಾಗುತ್ತದೆ. ಅದನ್ನು ಸಾಮಾನ್ಯವಾಗಿ ಎರಡು ಬಾರಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲಾಗುತ್ತದೆ. ಲೂಯಿ ಪಾಶ್ಚರ್‌ಗಿಂತ ಸುಮಾರು ಮೂರು ಶತಮಾನ ಮೊದಲೇ, 16ನೇ ಶತಮಾನದಲ್ಲಿ, ಈ ಕ್ರಮ ಅಲ್ಲಿ ರೂಢಿಯಲ್ಲಿತ್ತು. ಹೀಗೆ ಕಾಯಿಸದೆ ಬಿಟ್ಟದ್ದು ನಾಮಾಝಾಕೆ. ಅಕ್ಕಿಯ ಗಷ್ಟು ತುಸುವೇ ಉಳಿದಿದ್ದರೆ ಉಸುನಿಗೋರಿ. ಸಿಹಿ ಕಡಿಮೆಯಿರುವ ಬಗೆಗೆ ಕರಾಕುಚಿ ಎಂದು ಹೆಸರು. ಮದ್ಯಸಾರ ಶೇ. 15ರ ಆಸುಪಾಸಿನಲ್ಲಿದ್ದರೂ ನಾಮಾಝಾಕೆಯನ್ನು ತಂಪಿನಲ್ಲೇ ಸಾಗಿಸಿ, ತಂಪಾಗಿಯೇ ಕುಡಿಯಬೇಕು. ಇಲ್ಲವಾದರೆ ರುಚಿ ಕೆಡುತ್ತದೆ. 2024ರ ಡಿಸೆಂಬರ್‌ನಲ್ಲಿ ಸಾಕೆ ತಯಾರಿಕೆಯ ಸಾಂಪ್ರದಾಯಿಕ ವಿದ್ಯೆ ಯುನೆಸ್ಕೋ ಪಟ್ಟಿಗೆ ಸೇರಿತು.

ಕಲಬೆರಕೆಯ ಅಪಾಯ

ಸಾಕೆಯ ಶೀಷೆಗೆ ತಯಾರಕರ ಚೀಟಿಯಿದೆ. ಹೆಂಡಕ್ಕೆ ಮರ ಹತ್ತಿದವನ ಮಾತೇ ಖಾತರಿ. ಬೇಡಿಕೆ ಹೆಚ್ಚಿ ಮರ ಕಡಿಮೆಯಾದಲ್ಲಿ ಕಲಬೆರಕೆ ಹುಟ್ಟುತ್ತದೆ. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ನಿದ್ರೆ ತರಿಸುವ ಕ್ಲೋರಲ್ ಹೈಡ್ರೇಟ್ ಬೆರೆಸಿದ ಪ್ರಕರಣಗಳು ಅನೇಕ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿಗೆ 150ಕ್ಕೂ ಹೆಚ್ಚು ಮಂದಿ ಬಲಿಯಾದರು. ಅದು ಹೆಂಡವಲ್ಲ, ಆದರೆ ಮೂಲ ತಿಳಿಯದ ಮದ್ಯ ಎಂಥದೆಂಬುದನ್ನು ತೋರಿಸಿತು.

ಪರವಾನಗಿಯಿಲ್ಲದೆ ಹೆಂಡ ಇಳಿಸುವುದೂ ಮಾರುವುದೂ ಅಬಕಾರಿ ಕಾಯಿದೆಯಡಿ ಅಪರಾಧ. ಸಂಜೆಯಾದರೂ ಹುಳಿಯದೆ ಸಿಹಿಯಾಗಿಯೇ ಉಳಿದ ಬಿಳಿಯ ದ್ರವವನ್ನು ಹೆಂಡವೆಂದು ನಂಬುವಂತಿಲ್ಲ. ಹುಳಿತದ್ದೆಲ್ಲ ನಿರಪಾಯವೆಂದೂ ಅಲ್ಲ. ಬೆರೆಸಿದ ವಿಷವನ್ನು ನಾಲಗೆ ಗುರುತಿಸಲಾರದು.