ಬೆನಿಟೊಯಿಟ್

ಬೇರಿಯಂ ಮತ್ತು ಟೈಟೇನಿಯಂ ಧಾತುಗಳನ್ನು ಒಳಗೊಂಡ ಅಪರೂಪದ ನೀಲಿ ಸಿಲಿಕೇಟ್ ಖನಿಜ. 1907ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬೆನಿಟೊ ಪ್ರದೇಶದಲ್ಲಿ ದೊರೆತಾಗ ಇದನ್ನು ನೀಲಮಣಿ ಎಂದೇ ಭಾವಿಸಲಾಗಿತ್ತು. ಹೊಸ ಖನಿಜವೆಂದು ಗುರುತಿಸಿದವರು ಭೂವಿಜ್ಞಾನಿ ಜಾರ್ಜ್ ಲೌಡರ್‌ಬ್ಯಾಕ್. ಒಂದು ಬೇರಿಯಂ, ಒಂದು ಟೈಟೇನಿಯಂ, ಮೂರು ಸಿಲಿಕಾನ್ ಮತ್ತು ಒಂಬತ್ತು ಆಮ್ಲಜನಕ ಪರಮಾಣುಗಳು ಇದರ ಸಂಯೋಜನೆ. ಆದರೆ ಸಂಯೋಜನೆಯಿಂದಷ್ಟೇ ಈ ಖನಿಜದ ಸ್ವರೂಪ ತಿಳಿಯದು. ಸಿಲಿಕಾನ್‌ಗೆ ಮೂರು ಪಟ್ಟು ಆಮ್ಲಜನಕ ಎಂಬ ಇದೇ ಅನುಪಾತ ಸರಪಳಿ ರಚನೆಯ ಪೈರಾಕ್ಸೀನ್‌ಗಳಲ್ಲೂ ಇದೆ. ವ್ಯತ್ಯಾಸವನ್ನು ತೋರಿಸಿಕೊಟ್ಟದ್ದು 1930ರಲ್ಲಿ ಹರಳುವಿಜ್ಞಾನಿ ಜಕಾರಿಯಾಸೆನ್ ಎಕ್ಸ್-ಕಿರಣಗಳಿಂದ ನಡೆಸಿದ ಅಧ್ಯಯನ: ಇಲ್ಲಿ ಮೂರು ಸಿಲಿಕಾನ್ ಚತುರ್ಮುಖಿಗಳು ಮೂಲೆಯ ಆಮ್ಲಜನಕಗಳನ್ನು ಹಂಚಿಕೊಂಡು ಪುಟ್ಟ ಉಂಗುರವಾಗುತ್ತವೆ. ಉಂಗುರದ ಸಿಲಿಕಾನ್‌ಗಳೂ ಅವುಗಳನ್ನು ಬೆಸೆಯುವ ಆಮ್ಲಜನಕಗಳೂ ಒಂದೇ ಕನ್ನಡಿ ಸಮತಲದಲ್ಲಿರುತ್ತವೆ. ಹರಳಿನ ಮೇಲೆ ಎದ್ದು ಕಾಣುವ ತ್ರಿಕೋನ ಮುಖಗಳು ಈ ಒಳಸಮಮಿತಿಗೆ ಹೊಂದುತ್ತವೆ. 1830ರಲ್ಲಿ ಖನಿಜವಿಜ್ಞಾನಿ ಹೆಸೆಲ್ ಗಣಿತದಿಂದ ತೋರಿಸಿದ್ದ, ಸಮಮಿತಿ ಆಧಾರಿತ 32 ಹರಳುವರ್ಗಗಳಲ್ಲಿ ಒಂದಕ್ಕೆ ಸಿಕ್ಕ ಮೊದಲ ನೈಸರ್ಗಿಕ ನಿದರ್ಶನ ಈ ಖನಿಜವೇ.

ಟೈಟೇನಿಯಂ ಅಷ್ಟಮುಖಿಗಳು ಉಂಗುರಗಳನ್ನು ಬೆಸೆದು ಮೂರು ಆಯಾಮದ ಚೌಕಟ್ಟನ್ನೇ ಕಟ್ಟುವುದರಿಂದ ಇದನ್ನು ಉಂಗುರ ಸಿಲಿಕೇಟ್ ಎನ್ನಬಾರದೆಂಬ ವಾದವುಂಟು. ಚೌಕಟ್ಟು ಇರುವುದು ನಿಜ. ಆದರೆ ಸಿಲಿಕೇಟ್‌ಗಳನ್ನು ವಿಂಗಡಿಸುವುದು ಸಿಲಿಕಾನ್ ಚತುರ್ಮುಖಿಗಳು ತಮ್ಮತಮ್ಮಲ್ಲಿ ಹೇಗೆ ಕೂಡುತ್ತವೆ ಎಂಬುದರ ಮೇಲೆ. ಇಲ್ಲಿ ಒಂದು ಉಂಗುರದ ಸಿಲಿಕಾನ್ ಇನ್ನೊಂದು ಉಂಗುರದ ಸಿಲಿಕಾನ್‌ನೊಡನೆ ಆಮ್ಲಜನಕ ಹಂಚಿಕೊಳ್ಳುವುದಿಲ್ಲ. ಆದ್ದರಿಂದ ಬೆನಿಟೊಯಿಟ್ ಉಂಗುರ ಸಿಲಿಕೇಟ್ ಎಂಬ ವರ್ಗೀಕರಣವೇ ಸರಿ.